ಗೊಡ್ಡೆಂದು ಕಡಿಸಿದ ಹುಣಸೆ

ದೇವದುರ್ಗದ ನಮ್ಮ ಶಾಲೆಯ ಅಂಗಳದಲ್ಲಿ ಒಂದು ಹುಣಸೆ ಮರವಿತ್ತು. ನಾನು ಅಲ್ಲಿ ವಿಜ್ಞಾನ ಕಲಿಸುತ್ತೇನೆ. ರಾಯಚೂರಿನಿಂದ ದಿನಾ ಬಸ್ಸಿನಲ್ಲಿ ಓಡಾಟ. ಒಂದು ವರ್ಷ ಮರ ಮೈತುಂಬ ಹೂ ಹೊತ್ತು ನಿಂತಿದ್ದಾಗ, ಸುಡುಬಿಸಿಲಿನ ಬೆನ್ನಿಗೇ ಗಾಳಿಮಳೆ ಶುರುವಾಗಿ ಬಿಡದೆ ಹೊಡೆಯಿತು. ಅಂಗಳದ ತುಂಬ ಹಳದಿ ಹೂವಿನ ರಾಡಿ. ಮುಂದಿನ ಬೇಸಿಗೆಗೆ ಮರದಲ್ಲಿ ಹಣ್ಣೇ ಇರಲಿಲ್ಲ. ಎಲೆ ಮಾತ್ರ ಹಿಂದೆಂದೂ ಕಾಣದಷ್ಟು ದಟ್ಟ. ಕಾಯಿಗೆ ಹೋಗಬೇಕಿದ್ದ ಕಸುವೆಲ್ಲ ಟೊಂಗೆಗೆ ಹೋಗಿತ್ತು.

ನಮ್ಮ ಶಾಲಾ ಸಮಿತಿಯ ಅಧ್ಯಕ್ಷರಿಗೆ ಇಷ್ಟು ಸಾಕಾಯಿತು. ಮಾನ್ವಿಯಲ್ಲಿ ಅಕ್ಕಿ ಗಿರಣಿ ಇಟ್ಟಿರುವ ಈ ಮಹಾಶಯರು ಮರದ ಕಡೆ ಕತ್ತೆತ್ತಿ ನೋಡಿದ್ದನ್ನು ನಾನಂತೂ ಕಂಡಿಲ್ಲ. ಕಾರು ನಿಲ್ಲಿಸಲು ಜಾಗ ಸಾಲದು ಎಂಬುದೇ ಶಿಕ್ಷಣದ ಬಗ್ಗೆ ಅವರಿಗಿದ್ದ ಒಟ್ಟು ಚಿಂತನೆ.

"ಗೊಡ್ಡು ಗಿಡ ಅದ ಇದು. ಕಡದು ಒಗೀರಿ. ಸಾಲಿ ಅಂಗಳದಾಗ ಗೊಡ್ಡು ಇರಬಾರದು," ಎಂದರು ಸಭೆಯಲ್ಲಿ. ಆಮೇಲೆ ನನ್ನತ್ತ ನೋಡಿ, ಬಾಯಿ ತಪ್ಪಿ ಅಂದವರಂತೆ ನಾಲಿಗೆ ಕಚ್ಚಿ, ನಕ್ಕರು. ನನಗೆ ಮಕ್ಕಳಿಲ್ಲವೆಂಬುದು ಅಲ್ಲಿ ಎಲ್ಲರಿಗೂ ಗೊತ್ತು. ಮುಖ್ಯೋಪಾಧ್ಯಾಯರು ಚಹಾದ ಕಪ್ಪಿನೊಳಗೆ ಏನನ್ನೋ ಹುಡುಕತೊಡಗಿದರು.

"ಗಿಡದ ತಪ್ಪಲ್ರೀ ಅದು," ಎಂದೆ. "ಹೂ ಬಿಟ್ಟ ಹೊತ್ತಿನಾಗ ಹಂಗ ಮಳಿ ಹೊಡದ್ರ ಪರಾಗ ತೊಳದು ಹೋಗ್ತದ, ಹುಳ ಹತ್ರ ಸುಳಿಯಂಗಿಲ್ಲ. ಕಾಯಿ ಹೆಂಗ ಕಟ್ಟಬೇಕು? ಈ ಸಲ ಮತ್ತ ಹೂ ಬಿಟ್ಟದ. ಹೊರಗ ಬಂದು ನೋಡ್ರಿ."

"ಪಾಠ ಹುಡುಗರಿಗಿರಲಿ, ಮೇಡಂ," ಎಂದರು. ಕುರ್ಚಿಯಿಂದ ಏಳಲಿಲ್ಲ.

ಶ್ರಾವಣದಲ್ಲಿ ನನ್ನನ್ನು ರಾಯಚೂರಿನಲ್ಲೊಂದು ತರಬೇತಿಗೆ ಹಾಕಿದರು. ಮುಗಿಸಿ ಬಂದಾಗ ಮರ ನೆಲದ ಮೇಲೆ ಬಿದ್ದಿತ್ತು. ಎಲೆ ಸರಿಸಿದಲ್ಲೆಲ್ಲ ಎಳೆಗಾಯಿ, ಗೊಂಚಲು ಗೊಂಚಲು. ಅಧ್ಯಕ್ಷರು ಅಂದು ಶಾಲೆಗೆ ಬಂದಿದ್ದರು, ಪರಿಸರ ಉಳಿಸುವುದಕ್ಕೆ! ಕಡಿದ ಬೊಡ್ಡೆಯ ಪಕ್ಕದಲ್ಲೇ ಅಲಂಕಾರದ ಸಸಿ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾನೊಂದು ಟೊಂಗೆ ಎಳೆದುಕೊಂಡು ಹೋಗಿ ಅವರ ಕಾಲ ಬುಡದಲ್ಲಿ ಹಾಕಿದೆ.

"ಇದೇನ್ರೀ ಗೊಡ್ಡು?"

ಬಗ್ಗಿ ನೋಡಿದರು. "ಕಾಯಿ ಹಿಡಿದಿತ್ತೇನ್ರಿ? ಮೊದಲ ಹೇಳಬೇಕಿಲ್ಲ?"

ಉತ್ತರಕ್ಕೆ ಕಾಯಲಿಲ್ಲ. ಫೋಟೋದವನಿಗೆ ಇನ್ನೊಂದು ತೆಗೆ ಎಂದರು, ಈ ಸಲ ಪಕ್ಕದಲ್ಲಿ ನಿಲ್ಲಿಸಿದ್ದ ತಮ್ಮ ಕಾರೂ ಬರುವಂತೆ.

ಮಧ್ಯಾಹ್ನದ ಊಟದ ಅಡುಗೆಯಾಕೆ ಎಳೆಗಾಯಿ ಕೆಡಬಾರದೆಂದು ಆರಿಸಿ, ಹಸಿಮೆಣಸಿನಕಾಯಿ ಹಾಕಿ ಕುಟ್ಟಿ ತೊಕ್ಕು ಮಾಡಿದ್ದಳು. ಅಧ್ಯಕ್ಷರು ರೊಟ್ಟಿಗೆ ಹಚ್ಚಿಕೊಂಡು ಚಪ್ಪರಿಸಿದರು. "ಭಾಳ ಚಲೋ ಆಗೇದ ಬೇ. ಪ್ರತಿ ವರ್ಷ ಮಾಡಿಡು, ಬರ್ತೀನಿ," ಎಂದರು.

ಆಕೆ ನನ್ನ ಮುಖ ನೋಡಿದಳು. ನಾನು ಅವರನ್ನೇ ನೋಡುತ್ತಿದ್ದೆ. ಆ ಮನುಷ್ಯನಿಗೆ ನಿಜಕ್ಕೂ ಏನೂ ಹೊಳೆದಿರಲಿಲ್ಲ. ಉಳಿದ ತೊಕ್ಕನ್ನು ಡಬ್ಬಿಯಲ್ಲಿ ಕಟ್ಟಿಸಿಕೊಂಡು ಹೊರಟರು. ಬೇರೆ ಶಿಕ್ಷಕರೆಲ್ಲ ಕಾರಿನವರೆಗೆ ಕಳಿಸಿ ಬಂದರು. ನಾನು ಏಳನೆಯ ತರಗತಿಗೆ ಹೋಗಿ, ಬಾಗಿಲು ಹಾಕಿಕೊಂಡು, ಪಾಠ ಶುರು ಮಾಡಿದೆ.