ಉಸ್ತಾದರ ಕಾರಿನ ಕಳ್ಳಗಾಳಿ

ಕುಕನೂರಿನಲ್ಲಿ ನನ್ನದೊಂದು ಗ್ಯಾರೇಜು. ಪಕ್ಕದ ಮನೆಯೇ ನಮ್ಮ ಉಸ್ತಾದರದು. ನನಗೆ ಕೆಲಸ ಕಲಿಸಿದವರು ಅವರು. ನನ್ನ ಜೊತೆಗೇ ಕಲಿತ ಇನ್ನೊಬ್ಬ ಗಂಗಾವತಿಗೆ ಹೋಗಿ ದೊಡ್ಡ ಗ್ಯಾರೇಜು ಹಾಕಿದ. ರೈಸ್ ಮಿಲ್ಲಿನ ಮಾಲಕರ ಕಾರುಗಳೆಲ್ಲ ಅವನ ಬಾಗಿಲಿಗೇ ಬರುತ್ತವೆ. ಬರಲಿ ಬಿಡು, ಉಸ್ತಾದರು ನನ್ನ ಪಾಲಿಗೆ ಉಳಿದರಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ.

ಹೋದ ವರ್ಷ ಅವರ ಹಳೆಯ ಪೆಟ್ರೋಲ್ ಕಾರಿಗೆ ಒಂದು ರೋಗ ಬಂತು. ನಿಂತಲ್ಲೇ ಎಂಜಿನ್ನಿನ ಓಟ ಒಮ್ಮೆ ಏರುತ್ತಿತ್ತು, ಒಮ್ಮೆ ಇಳಿಯುತ್ತಿತ್ತು. ಎಲ್ಲೋ ರಬ್ಬರಿನ ವ್ಯಾಕ್ಯೂಮ್ ಪೈಪು ಸೀಳಿ ಕಳ್ಳಗಾಳಿ ಒಳಗೆ ಸೇರುತ್ತಿದೆ ಎಂದುಕೊಂಡೆ. ಮೋಟು ಪೈಪೊಂದರ ತುದಿಯನ್ನು ಕಿವಿಗಿಟ್ಟು, ಇನ್ನೊಂದು ತುದಿಯನ್ನು ಎಂಜಿನ್ನಿನ ಸಂದುಗೊಂದಿಯಲ್ಲಿ ಆಡಿಸಿದೆ. ಹಿಂಬದಿಯಲ್ಲಿ, ಕೈ ತೂರದ ಒಂದು ತಿರುವಿನಲ್ಲಿ ಸಣ್ಣಗೆ ಸುಯ್ಯೆನ್ನುತ್ತಿತ್ತು.

ಉಸ್ತಾದರ ಕಟ್ಟಳೆಯೊಂದಿತ್ತು: ಅವರ ಕಿವಿ ಒಪ್ಪುವ ತನಕ ಯಾರೂ ಪೈಪಿಗೆ ಕತ್ತರಿ ಹಾಕಬಾರದು. ಅವರು ಕೆಲಸ ಬಿಟ್ಟರೂ ನಾನು ಅದನ್ನು ಬಿಟ್ಟಿರಲಿಲ್ಲ. ಹಾಗಾಗಿ ಮೋಟು ಪೈಪನ್ನು ಅವರ ಕೈಗೆ ಕೊಟ್ಟೆ. ಬಹಳ ಹೊತ್ತು ಬಗ್ಗಿ ಕೇಳಿ, "ಅಲ್ಲೇನೂ ಇಲ್ಲ. ಬ್ಯಾರೆ ಕಡೆ ನೋಡು" ಅಂದರು.

ಬೇರೆ ಕಡೆಯೂ ನೋಡಿದೆ. ಪ್ಲಗ್ ಬದಲಿಸಿದೆ. ಗುಣ ಕಾಣಲಿಲ್ಲ. ಮತ್ತೆ ಅದೇ ತಿರುವು ತೋರಿಸಿದರೆ ಮತ್ತೆ ತಲೆ ಅಲ್ಲಾಡಿಸಿದರು. "ಗಂಗಾವತಿಯಂವಗ ಬರಾಕ ಹೇಳೇನಿ" ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು.

ಮರುದಿನ ಅವನು ಇಸ್ತ್ರಿ ಅಂಗಿ ಹಾಕಿಕೊಂಡು, ಸೋನಾ ಮಸೂರಿ ಚೀಲ ಹೊತ್ತುಕೊಂಡು ಬಂದ. ಉಸ್ತಾದರ ಮುಖ ಅರಳಿದ್ದನ್ನು ಕಂಡು ನನ್ನ ಮುಖ ಗಂಟಾಯಿತು. ಜಾಗ ಗೊತ್ತಿದ್ದರೂ ತುಟಿ ಬಿಚ್ಚಲಿಲ್ಲ. ಹುಡುಕಿ ಸಾಯಲಿ ಅನ್ನಿಸಿತು. ಅವನು ಕಿವಿಗೆ ಪೈಪು ಹಚ್ಚಲೇ ಇಲ್ಲ. ಉಸ್ತಾದರ ಮನೆಯಾಕೆಯ ಹತ್ತಿರ ಕೆಂಡ, ಲೋಬಾನ ಕೇಳಿದ.

"ಯಾಕೋ, ಪೂಜಿ ಮಾಡಾಕ ಬಂದಿಯೇನು?" ಎಂದು ಚುಚ್ಚಿದೆ. ಅವನು ನಕ್ಕ. ಎಂಜಿನ್ ಬಂದ್ ಮಾಡಿ, ಗಾಳಿ ಎಳೆಯುವ ಬಾಯಿಗೆ ಬಟ್ಟೆ ತುರುಕಿದ. ಡಬ್ಬಿಯಲ್ಲಿ ಲೋಬಾನದ ಹೊಗೆ ಎಬ್ಬಿಸಿ, ಅದನ್ನು ದೂರದಲ್ಲಿಟ್ಟು, ಉದ್ದನೆಯ ಪೈಪು ಜೋಡಿಸಿ, ಕಾಲಿನ ಪಂಪಿನಿಂದ ಆ ಹೊಗೆಯನ್ನು ಎಂಜಿನ್ನಿನೊಳಗೆ ತಳ್ಳಿದ. ಸ್ವಲ್ಪ ಹೊತ್ತಿಗೆ ನಾನು ತೋರಿಸಿದ್ದ ತಿರುವಿನಿಂದಲೇ ಎಳೆಯಷ್ಟು ಹೊಗೆ ಎದ್ದಿತು.

"ಕಂಡ್ತು, ಕಂಡ್ತು. ಇನ್ನ ಕತ್ತರಿ ಹಾಕು" ಎಂದು ಉಸ್ತಾದರು ಅವನ ಭುಜದ ಮೇಲೆ ಕೈ ಇಟ್ಟರು. ಹೊಸ ಪೈಪು ಕೂತ ಮೇಲೆ ಎಂಜಿನ್ ತಣ್ಣಗೆ ಒಂದೇ ಸಮ ಓಡಿತು. ಅವರು ಖುಷಿಯಿಂದ ಚಹಾ ಹೇಳಲು ಒಳಗೆ ಹೋದರು.

ನನಗೆ ತಡೆಯಲಾಗಲಿಲ್ಲ. "ಅದ ಜಾಗಾ ನಾ ಮೊದಲ ತೋರ್ಸಿದ್ನಿ. ನನ್ನ ಮಾತು ನಂಬ್ಲಿಲ್ಲ, ನಿನ್ನ ಹೊಗಿ ನಂಬಿದ್ರು" ಅಂದೆ.

ಅವನು ದನಿ ತಗ್ಗಿಸಿದ. "ನಂಬಾಕ ಅವರಿಗೆ ಕೇಳಿಸಬೇಕಲ್ಲ. ಸಣ್ಣ ಸಪ್ಪಳ ಕೇಳೂದು ನಿಂತು ಭಾಳ ದಿನ ಆತು. ಅದಕ್ಕ ಕಣ್ಣಿಗೆ ಕಾಣೂ ಹಂಗ ಮಾಡ್ದೆ. ಯಾಕ, ನಿನಗ ಹೇಳಿಲ್ಲೇನು?"

ಹೇಳಿರಲಿಲ್ಲ. ದಿನಾ ಎದುರಿಗೆ ಕೂತು ಚಹಾ ಕುಡಿಯುವ ನನ್ನನ್ನು ಬಿಟ್ಟು ಅವನಿಗೆ ಹೇಳಿದ್ದರು. ದೊಡ್ಡ ಗ್ಯಾರೇಜು, ಮಿಲ್ಲಿನವರ ಕಾರು, ಭುಜದ ಮೇಲಿನ ಆ ಕೈ ಎಲ್ಲ ಅವನಿಗೇ ಇರಲಿ. ಆ ಒಂದು ಮಾತು ನನಗೆ ಹೇಳಬೇಕಿತ್ತು.