ಮೊಸರನ್ನ ಉಂಡು ಆಪರೇಷನ್ನಿಗೆ ಹೋದ ನಾಯಿ

ಮದುವೆಯಾಗಿ ಸೊರಬದಿಂದ ಶಿಕಾರಿಪುರಕ್ಕೆ ಬರುವಾಗ ನಾನು ತವರಿನಿಂದ ಆಕಳು ತರಬೇಕಿತ್ತು. ನನ್ನ ಜೊತೆ ಬಂದದ್ದು ನಾಯಿ. ದಿಬ್ಬಣದ ಲಾರಿ ಹೊರಡುವಾಗ ಪಾತ್ರೆಪಗಡೆಗಳ ನಡುವೆ ಹತ್ತಿ ಕುಳಿತಿದ್ದ ಕಂದು ಬಣ್ಣದ ಹೆಣ್ಣುಮರಿಯನ್ನು ಯಾರೂ ನೋಡಲಿಲ್ಲ. ನಾನು ನೋಡಿದ್ದೆ. ಆದರೆ ಮದುಮಗಳು ತಲೆ ಎತ್ತಬಾರದು, ಮಾತಾಡಬಾರದು ಎಂದು ಹೇಳಿಕೊಟ್ಟಿದ್ದರಲ್ಲ, ಹಾಗಾಗಿ ಬಾಯಿ ಬಿಡಲಿಲ್ಲ.

"ಎಲ್ಲಾರೂ ತವರಿಂದ ಆಕಳಾ ತರ್ತಾರ, ನಮ್ಮ ಸೊಸಿ ನಾಯಿ ತಂದಾಳ" ಎಂದು ಅತ್ತೆ ಕೇರಿಗೆಲ್ಲ ಹೇಳಿ ಬಂದರು. ಅವರ ಬಾಯಿ ದೊಡ್ಡದು. ಬಾವಿಕಟ್ಟೆಯಲ್ಲಿ ನಿಂತು ಮಾತಾಡಿದರೆ ಸಂತೆಪೇಟೆಗೆ ಕೇಳುತ್ತಿತ್ತು. ಆ ಬಾಯಿಗೆ ಹೆದರಿಕೊಂಡೇ ನಾನು ಮೊದಲ ವರ್ಷ ಕಳೆದೆ. ಹೊಸ ಮನೆಯಲ್ಲಿ ನನ್ನನ್ನು ಮೊದಲಿನಿಂದ ಬಲ್ಲ ಜೀವ ಎಂದರೆ ಆ ನಾಯಿಯೊಂದೇ. ಹಿತ್ತಿಲಲ್ಲಿ ಕೂತು ನಾನು ಅತ್ತಾಗಲೆಲ್ಲ ಅದು ಬಂದು ನನ್ನ ಕಾಲ ಮೇಲೆ ಗದ್ದ ಇಟ್ಟು ಮಲಗುತ್ತಿತ್ತು.

ಮೂರು ವರ್ಷದಲ್ಲಿ ನಾಯಿಗೆ ಮೂರು ಸೂಲಾಯಿತು. ಒಂದೊಂದು ಸೂಲಿಗೂ ಐದೋ ಆರೋ ಮರಿ. ಶಿಕಾರಿಪುರದಲ್ಲಿ ಕೇಳುವವರಿಲ್ಲ, ಯಾರ ಹಿತ್ತಿಲಿಗೆ ಹೋದರೂ ನಮ್ಮ ನಾಯಿಯ ಮುಖವೇ. ಉಳಿದ ಮರಿಗಳನ್ನು ಬುಟ್ಟಿಯಲ್ಲಿಟ್ಟು, ಮೇಲೆ ಬಟ್ಟೆ ಮುಚ್ಚಿ, ನಾನು ಬಸ್ಸು ಹತ್ತಿ ತವರಿಗೆ ಒಯ್ಯುತ್ತಿದ್ದೆ. ಬುಟ್ಟಿ ಕುಂಯ್‌ಗುಟ್ಟಿದಾಗೆಲ್ಲ ಕಂಡಕ್ಟರನ ಕಡೆ ನೋಡಿ ಜೋರಾಗಿ ಕೆಮ್ಮುತ್ತಿದ್ದೆ. ಮೂರನೆಯ ಸಲ ಸೊರಬದ ಬೀದಿಯಲ್ಲಿ ನನ್ನನ್ನು ಕಂಡದ್ದೇ ತಡ, ಜನ ಪಟಪಟನೆ ಬಾಗಿಲು ಹಾಕಿಕೊಂಡರು. "ಮಗಳು ಬಂದಳು ಅಂತ ಖುಷಿಪಡೋದೋ, ಬುಟ್ಟಿ ಬಂತು ಅಂತ ಅಳೋದೋ ಎಂತ ಮಾಡ್ಲಿ ನಾನು?" ಎಂದಳು ಅಮ್ಮ.

ಆ ಸೂಲಿನಲ್ಲೇ ಒಂದು ಮರಿ ನಮ್ಮ ಮನೆಯ ಮುಂದೆ ಲಾರಿಯ ಚಕ್ರಕ್ಕೆ ಸಿಕ್ಕಿತು. ಅದನ್ನು ಎತ್ತಿ ಮಣ್ಣು ಮಾಡಿ ಬಂದ ಅತ್ತೆ ಕೈ ತೊಳೆಯುತ್ತಲೇ ತೀರ್ಪು ಕೊಟ್ಟರು. "ಸಾಕು. ಇನ್ನೊಂದು ಸೂಲಾದ್ರ ಮರಿ ಜೊತಿ ತಾಯಿನೂ ಸೊರಬಕ್ಕ ಹೋಗಬೇಕು. ಮತ್ತ ಈ ಹೊಸ್ತಿಲಾ ತುಳೀಬಾರದು."

ಎದುರುಮನೆಯಾಕೆ ಅಲ್ಲೇ ನಿಂತಿದ್ದಳು. "ನಾಯಿಗೆ ಮೂರು ಸೂಲಾತು, ಸೊಸಿಗೆ ಇನ್ನಾ ಏನೂ ಇಲ್ಲೇನ್ರೀ?" ಎಂದು ನಕ್ಕಳು. ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದರು. ನನಗೆ ಆ ಹೆಂಗಸಿನ ತಲೆಯ ಮೇಲೆ ಕೊಡದ ನೀರು ಸುರಿಯುವಷ್ಟು ಸಿಟ್ಟು ಬಂದಿತ್ತು. ಅವತ್ತು ರೊಟ್ಟಿ ತಟ್ಟಿದ್ದೆಲ್ಲ ಹರಿದು ಹೋಯಿತು.

ದಾರಿ ತೋರಿಸಿದವರು ನಮ್ಮ ಯಜಮಾನರು. ಹೋರಿಗೆ ಬೀಜ ಒಡೆಸಲೆಂದು ದನದ ಆಸ್ಪತ್ರೆಗೆ ಹೋದವರು ಹೊಸ ಸುದ್ದಿ ತಂದರು. ಮೈಸೂರು ಕಡೆಯಿಂದ ಬಂದ ಹೊಸ ಡಾಕ್ಟರಿಗೆ ಹೆಣ್ಣುನಾಯಿಗೂ ಆಪರೇಷನ್ ಮಾಡಲು ಬರುತ್ತದಂತೆ, ಆಮೇಲೆ ಮರಿಯಾಗುವುದಿಲ್ಲವಂತೆ, ಸರ್ಕಾರಿ ಆಸ್ಪತ್ರೆಯಾದ್ದರಿಂದ ಕೈಯಿಂದ ಏನೂ ಕೊಡಬೇಕಾಗಿಲ್ಲವಂತೆ.

"ಹೋರಿಗಾದ್ರ ಬೀಜ ಒಡೀತಾರ. ಹೆಣ್ಣಿಗೆ ಏನು ಒಡೀತಾರೋ?" ಎಂದರು ಅತ್ತೆ.

"ಹೊಟ್ಟಿ ಕೊಯ್ದು ಹೊಲೀತಾರವ್ವ."

ಅತ್ತೆ ಹಿತ್ತಿಲಲ್ಲಿ ಮಲಗಿದ್ದ ನಾಯಿಯ ಕಡೆ ನೋಡಿದರು. "ಏನರ ಮಾಡ್ಕೊಳ್ರಿ" ಎಂದು ಎದ್ದು ಹೋದರು.

ಡಾಕ್ಟರು ಒಂದೇ ಮಾತು ಒತ್ತಿ ಹೇಳಿದ್ದರು: ಹಿಂದಿನ ರಾತ್ರಿಯಿಂದ ನಾಯಿಯ ಹೊಟ್ಟೆಗೆ ಏನೂ ಬೀಳಬಾರದು. ನಾನು ರಾತ್ರಿ ಅದನ್ನು ಕಾಳು ತುಂಬಿಡುವ ಹಗೇವಿನ ಪಕ್ಕದ ಕೋಣೆಯಲ್ಲಿ ಕೂಡಿ ಹಾಕಿದೆ. ಬೆಳಿಗ್ಗೆ ಹಗ್ಗ ಕಟ್ಟಿಕೊಂಡು ನಾವಿಬ್ಬರೂ ಆಸ್ಪತ್ರೆಗೆ ಹೋದೆವು. ಡಾಕ್ಟರು ಒಂದು ಸೂಜಿ ಚುಚ್ಚಿದರು. ಗಳಿಗೆ ಕಳೆಯುವುದರೊಳಗೆ ನಾಯಿ ತಲೆ ತಗ್ಗಿಸಿ, ಹೊಟ್ಟೆ ಹಿಂಡಿ, ಡಾಕ್ಟರ ಬೂಟಿನ ಮೇಲೆಯೇ ವಾಂತಿ ಮಾಡಿತು. ಬರೀ ಅನ್ನವಲ್ಲ, ಮೊಸರನ್ನ. ಸಾಸಿವೆ, ಕರಿಬೇವಿನ ಒಗ್ಗರಣೆ ಸಮೇತ.

"ಏನಮ್ಮಾ ಇದು? ನಾನೇ ಇನ್ನೂ ತಿಂಡಿ ತಿಂದಿಲ್ಲ, ನಿಮ್ಮ ನಾಯಿಗೆ ಒಗ್ಗರಣೆ ಹಾಕಿದ ಮೊಸರನ್ನವೇ?" ಎಂದರು ಡಾಕ್ಟರು. "ಅಮಲಿನಲ್ಲಿ ಇದು ಗಂಟಲಿಗೆ ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯ. ಇವತ್ತು ಆಗೋದಿಲ್ಲ. ಮುಂದಿನ ಸೋಮವಾರ ಕರೆತನ್ನಿ. ಅಷ್ಟರಲ್ಲಿ ಬೆದೆಗೆ ಬಂದರೆ ನಾನು ಮುಟ್ಟುವುದಿಲ್ಲ."

ಅವಮಾನದಿಂದ ನನ್ನ ಕಿವಿ ಬಿಸಿಯಾಯಿತು. ಬೆದೆಗೆ ಬಂದರೆ ಮತ್ತೊಂದು ಸೂಲು, ಸೂಲಾದರೆ ನಾಯಿ ಸೊರಬಕ್ಕೆ. ಯಾರು ಮಾಡಿದ ಕೆಲಸ ಎಂದು ಊಹಿಸುವುದು ಕಷ್ಟವಿರಲಿಲ್ಲ. ನಾಯಿಯನ್ನು ಓಡಿಸಬೇಕೆಂದೇ ಅತ್ತೆ ಹೀಗೆ ಮಾಡಿದರು ಎಂದುಕೊಂಡು, ಮನೆ ಮುಟ್ಟಿದವಳೇ ಮದುವೆಯಾದ ಮೇಲೆ ಮೊದಲ ಬಾರಿಗೆ ಅವರಿಗೆ ಎದುರಾಡಿದೆ.

"ಅದಕ್ಕ ಉಣ್ಣಾಕ ಹಾಕಿದ್ದು ನೀವಾ ಏನ್ರೀ ಅತ್ತಿ?"

ಅತ್ತೆ ಬೆಣ್ಣೆ ಕಡೆಯುವುದನ್ನು ನಿಲ್ಲಿಸಿದರು. "ಹೂಂ, ನಾನಾ ಹಾಕೀನಿ. ಒಳ್ಳೆ ಕೆಲಸಕ್ಕ ಹೊಂಟ ಮನಿ ಹೆಣ್ಣನ್ನ ಮೊಸರನ್ನ ಉಣಸದ ಹೆಂಗ ಕಳಿಸ್ಲಿ? ನಿನ್ನ ಮದುವ್ಯಾಗ ನಿಮ್ಮವ್ವ ಉಣಸಿ ಕಳಿಸಿಲ್ಲೇನು? ಹೊಟ್ಟಿ ಕೊಯ್ತಾರಂತ, ಪಾಪ, ಹಸಕೊಂಡು ಹೋಗ್ಲೇನು ಅದು?"

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ನಾಚಿಕೆಯೂ ಆಯಿತು, ನಗುವೂ ಬಂತು. ಯಜಮಾನರಂತೂ ಕೊಟ್ಟಿಗೆಗೆ ಹೋಗಿ ನಕ್ಕು ಬಂದರು.

ಮುಂದಿನ ಸೋಮವಾರ ಶ್ರಾವಣದ ಸೋಮವಾರವಾಗಿತ್ತು. ಅವತ್ತು ಮನೆಮಂದಿಯೆಲ್ಲ ಒಪ್ಪತ್ತು, ಸಂಜೆಯ ಪೂಜೆ ಮುಗಿಯುವವರೆಗೆ ಒಲೆಯನ್ನೇ ಹಚ್ಚುತ್ತಿರಲಿಲ್ಲ. ಯಾರ ಕರುಳು ಚುರುಕ್ಕೆಂದರೂ ಹಾಕಲು ಅನ್ನವೇ ಇರಲಿಲ್ಲ. ಅತ್ತೆ ನಾಯಿಯ ಹಣೆಗೆ ವಿಭೂತಿ ಹಚ್ಚಿ, "ನಿನಗೂ ಇವತ್ತು ಒಪ್ಪತ್ತು, ತಿಳೀತೇನು?" ಎಂದು ಗದರಿ ಕಳಿಸಿದರು. ಆಪರೇಷನ್ ಸರಿಯಾಗಿ ಆಯಿತು. ಹೊಟ್ಟೆಗೆ ಪಟ್ಟಿ ಸುತ್ತಿಸಿಕೊಂಡು ಗಾಡಿಯಲ್ಲಿ ಮಲಗಿ ಬಂದ ನಾಯಿಗೆ ಮರುದಿನ ಬೆಳಿಗ್ಗೆಯವರೆಗೂ ಏನೂ ಕೊಡಬಾರದು ಎಂದಿದ್ದರು ಡಾಕ್ಟರು. ಸಂಜೆ ಪೂಜೆಯಾದ ಮೇಲೆ ನಾವು ಊಟಕ್ಕೆ ಕೂತೆವು. ಅತ್ತೆ ಒಂದು ಬಾಳೆಹಣ್ಣು ತಿಂದು ಎದ್ದುಬಿಟ್ಟರು.

ಮರುದಿನದಿಂದ ಶುರುವಾದದ್ದು ಸಾಕ್ಷಾತ್ ಬಾಣಂತನ. ಕೋಣೆಯ ಮೂಲೆಯಲ್ಲಿ ಗೋಣಿಚೀಲದ ಹಾಸಿಗೆ, ಮೇಲೆ ಅತ್ತೆಯ ಹಳೇ ಸೀರೆ, ಹೊತ್ತು ಹೊತ್ತಿಗೆ ಬೆಳ್ಳುಳ್ಳಿ, ಮೆಣಸು ಹಾಕಿದ ಮೆತ್ತನೆಯ ಅನ್ನ. ನಾಯಿ ಮೂಸಿ ನೋಡಿ, ಮೆಣಸು ಬಿಟ್ಟು ಅನ್ನ ತಿನ್ನುತ್ತಿತ್ತು. ಸಾಂಬ್ರಾಣಿ ಹೊಗೆ ಹಾಕಲು ಹೋದಾಗ ಮಾತ್ರ ಸೀನಿ ಸೀನಿ ಎದ್ದು ಓಡಿತು.

ನೋಡಲು ಬಂದ ಎದುರುಮನೆಯಾಕೆ ಬಾಗಿಲಲ್ಲೇ ಮೂಗು ಮುರಿದಳು. "ಇನ್ನ ಮರಿ ಹಾಕಂಗಿಲ್ಲ ಅಂದಮ್ಯಾಲೆ ಇಷ್ಟೆಲ್ಲ ಉಪಚಾರ ಯಾಕ್ರೀ? ಇದನ್ನ ಇಟ್ಕೊಂಡು ಏನು ಮಾಡ್ತೀರಿ?"

ನಾನು ಹಿಂದೆ ಕೊಡ ಬೆಳಗುತ್ತಿದ್ದೆ. ಕೈ ಹಾಗೇ ನಿಂತಿತು.

"ಹಡದ್ರಷ್ಟಾ ಮನಿ ಹೆಣ್ಣೇನು?" ಎಂದರು ಅತ್ತೆ. ಬಾವಿಕಟ್ಟೆಯ ದನಿ, ಕೇರಿಗೆಲ್ಲ ಕೇಳಿರಬೇಕು. "ಹಡೀಲಿ, ಬಿಡಲಿ, ನಮ್ಮನಿಗೆ ಬಂದದ್ದು ನಮ್ಮದು. ಯಾರನ್ನೂ ತವರಿಗೆ ಅಟ್ಟಂಗಿಲ್ಲ ನಾನು."

ಗೌರಿಹಬ್ಬಕ್ಕೆ ನಾನು ಸೊರಬಕ್ಕೆ ಹೋದೆ. ಬುಟ್ಟಿ ಖಾಲಿ ಒಯ್ಯಬಾರದೆಂದು ಅತ್ತೆ ಅದರ ತುಂಬ ಶೇಂಗಾ ಉಂಡೆ ಕಟ್ಟಿ ಕೊಟ್ಟಿದ್ದರು. ಬೀದಿಯವರು ಅಭ್ಯಾಸಬಲದಿಂದ ಬಾಗಿಲು ಹಾಕಿಕೊಂಡರು. ಅಮ್ಮ ಹೆದರಿ ಹೆದರಿ ಬಟ್ಟೆ ಸರಿಸಿದಳು. "ಎಷ್ಟಿದಾವೆ ಈ ಸಲ?" ಎಂದವಳು ಉಂಡೆ ಕಂಡು ನಗತೊಡಗಿದಳು. ನಾನು ಆಪರೇಷನ್ನಿನ ಕತೆಯೆಲ್ಲ ಹೇಳಿ, ಕೊನೆಗೆ ಎದುರುಮನೆಯಾಕೆಗೆ ಅತ್ತೆ ಆಡಿದ ಮಾತನ್ನೂ ಹೇಳಿದೆ. ಅಮ್ಮ ಉಂಡೆಯನ್ನು ಕೈಯಲ್ಲಿ ಹಿಡಿದುಕೊಂಡೇ ಅತ್ತುಬಿಟ್ಟಳು. ಆಮೇಲೆ ಕಣ್ಣೊರೆಸಿಕೊಂಡು, ಬಾಗಿಲು ಹಾಕಿಕೊಂಡಿದ್ದ ಒಂದೊಂದು ಮನೆಯನ್ನೂ ತಟ್ಟಿ, ಎಲ್ಲರಿಗೂ ಉಂಡೆ ಹಂಚಿ ಬಂದಳು.