ಹುಳುವಿನ ತಟ್ಟೆಗೆ ಹಾಸಿದ ಕಾದಂಬರಿ

ಸುಮಿತ್ರಾ, ನಿನ್ನ ಕಾದಂಬರಿಯನ್ನು ಹಾಳುಮಾಡಿದ್ದು ಅತ್ತೆಯಲ್ಲ. ನಾನು. ಇಪ್ಪತ್ತೆರಡು ವರ್ಷ ಇಷ್ಟು ಮಾತು ನನ್ನ ಬಾಯಿಂದ ಹೊರಡಲಿಲ್ಲ — ಇವತ್ತೂ ಬಾಯಿಂದ ಹೊರಟಿಲ್ಲ, ಪೆನ್ನಿನಿಂದ ಹೊರಟಿದೆ. ನಿನ್ನೆದುರು ನಿಂತು ಹೇಳುವ ಮುಖ ನನಗಿಲ್ಲ.

ನೀನು ಈ ಮನೆಗೆ ಕಿರಿಸೊಸೆಯಾಗಿ ಬಂದಾಗ ಅಕ್ಕೂರಿನಲ್ಲಿ ಓದಿದ ಸೊಸೆ ಎಂದರೆ ನಾನೇ. ಬಿ.ಎ. ಮುಗಿಸಿದವಳು, ಊರವರಿಗೆಲ್ಲ ಅರ್ಜಿ ಬರೆದುಕೊಡುವವಳು — ಆ ಜಂಬ ನನಗೆ ಕೊಂಬು ಮೂಡಿಸಿತ್ತು. ನೀನೋ, ಪಿಯುಸಿ ಅರ್ಧಕ್ಕೆ ಬಿಟ್ಟವಳು. ರೇಷ್ಮೆಹುಳುವಿಗೆ ಸೊಪ್ಪು ಹಾಕಿ, ಕೈ ತೊಳೆದುಕೊಂಡು, ಸೊಪ್ಪಿನ ಕೋಣೆಯ ಮೂಲೆಯಲ್ಲಿ ಕೂತು ಬರೆಯುತ್ತಿದ್ದೆ. "ನಮ್ ಸುಮಿತ್ರ ಏನೋ ಪುರಾಣ ಬರೀತಾವ್ಳೆ" ಎಂದು ಮಾವ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ವಿರೂಪಾಕ್ಷಿಪುರದ ಮೇಷ್ಟ್ರು ಅರ್ಧ ಓದಿ, ಇದು ಅಚ್ಚಾಗಲೇಬೇಕು ಎಂದು ಬೆಂಗಳೂರಿನ ಪ್ರಕಾಶಕರೊಬ್ಬರಿಗೆ ಕಾಗದ ಹಾಕಿದರು. ಪೂರ್ತಿ ಕಳಿಸಿ ಎಂದು ಉತ್ತರ ಬಂತು. ಆ ಕಾಗದವನ್ನು ಮನೆಮಂದಿಗೆಲ್ಲ ಓದಿ ಹೇಳಿದವಳು ನಾನೇ. ಓದುವಾಗ ನನ್ನೊಳಗೆ ಎದ್ದದ್ದಕ್ಕೆ ನಾಜೂಕಿನ ಹೆಸರು ಬೇಡ — ಹೊಟ್ಟೆಕಿಚ್ಚು.

ನಿನ್ನ ಅಜ್ಜಿ ತೀರಿಕೊಂಡು ನೀನು ಮಾಗಡಿಗೆ ಹೋದ ವಾರವದು. ಹುಳುಗಳು ಕೊನೆಯ ಸಲ ಪೊರೆ ಬಿಟ್ಟು ಎದ್ದಿದ್ದವು. ತಟ್ಟೆಗಳ ಹಿಕ್ಕೆ ತೆಗೆದು ಹೊಸ ಕಾಗದ ಹಾಸಬೇಕಿತ್ತು, ಮನೆಯಲ್ಲಿದ್ದ ಹಳೆಯ ಪತ್ರಿಕೆಗಳು ಸಾಲಲಿಲ್ಲ. "ರದ್ದಿ ಏನಾರ ಐತೇನವ್ವ?" ಎಂದು ಅತ್ತೆ ಕೇಳಿದರು. ನಾನು ನೇರವಾಗಿ ನಿನ್ನ ಟ್ರಂಕಿಗೆ ಹೋದೆ. ಆ ಬಿಡಿ ಹಾಳೆಗಳಿಗೆ ಇನ್ನೊಂದು ಪ್ರತಿ ಇಲ್ಲವೆಂದು ಗೊತ್ತಿದ್ದೇ ಹೋದೆ.

ಅತ್ತೆ ಕಟ್ಟನ್ನು ಕೈಯಲ್ಲಿ ಹಿಡಿದು ಅನುಮಾನಿಸಿದರು. ಅಕ್ಷರ ಬಾರದಿದ್ದರೂ ಆ ದುಂಡು ಬರವಣಿಗೆ ಯಾರದೆಂದು ಅವರಿಗೆ ಗೊತ್ತಾಗುತ್ತಿತ್ತು.

"ಇದು ಸುಮಿತ್ರ ಬರ್ದಿದ್ದಲ್ವೇನವ್ವ?"

"ಬೇಡದ್ದು ಅತ್ತೆ. ಹಾಸ್ಕಳಿ ಅಂತ ಅವ್ಳೇ ಹೇಳವ್ಳೆ."

ಮೂರನೇ ದಿನ ನೀನು ಬಂದೆ. ಖಾಲಿ ಟ್ರಂಕು ನೋಡಿ ಹುಳುಮನೆಯ ಬಾಗಿಲಿಗೆ ಓಡಿ ಬಂದೆ. ಅತ್ತೆ ಒಂದೇ ಸಲ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಅವರಿಗೆ ಅಷ್ಟೇ ಸಾಕಾಯಿತು. "ನಾನೇ ಕಣವ್ವ ಹಾಸ್ಬುಟ್ಟೆ. ಓದಕ್ ಬರದೋಳು, ರದ್ದಿ ಅಂದ್ಕಂಬುಟ್ಟೆ" ಎಂದರು. ವಾರಗಿತ್ತಿಯರು ಕಚ್ಚಾಡಿದರೆ ಮನೆ ಎರಡಾಗುತ್ತದೆ ಎಂದು ಹೆದರಿದರೋ, ನನ್ನ ಮಾನ ಉಳಿಸಿದರೋ — ನಾನು ಕೇಳಲೇ ಇಲ್ಲ.

ಅಲ್ಲಿಗಾದರೂ ನಿಲ್ಲಿಸಬಹುದಿತ್ತು. ನೀನು ಒಳಗೆ ನುಗ್ಗಲು ಬಂದಾಗ ನಾನು ಬಾಗಿಲಿಗೆ ಅಡ್ಡ ನಿಂತೆ. ಸಾವಿನ ಮನೆಗೆ ಹೋಗಿಬಂದವರು, ಹುಳು ಹಣ್ಣಾಗಿ ಗೂಡು ಕಟ್ಟುವ ತನಕ ಹುಳುಮನೆಯ ಹೊಸ್ತಿಲು ದಾಟಬಾರದಲ್ಲ — ನಮ್ಮ ಮನೆಯ ಆ ಕಟ್ಟಳೆ ನನಗೆ ಚೆನ್ನಾಗಿ ಒದಗಿತು. "ಬೆಳೆ ಕೆಟ್ಟೋಯ್ತದೆ ಸುಮಿತ್ರಾ, ಒಳೀಕೆ ಬರ್ಬೇಡ" ಎಂದೆ. ಎಲ್ಲರ ಅನ್ನದ ಬೆಳೆ ಅದು. ನೀನು ಹಿಂದೆ ಸರಿದೆ. "ಅಕ್ಕ, ನೀವಾದ್ರೂ ಒಸಿ ನೋಡಿ. ಉಳ್ದಿರೋದಷ್ಟು ಎತ್ಕೊಡಿ" ಎಂದು ಕೈ ಮುಗಿದೆ.

ನಾನು ಒಳಗೆ ಹೋದೆ. ಮೇಲಿನ ಸಾಲಿನ ತಟ್ಟೆಗಳಲ್ಲಿ ಹಾಳೆಗಳು ಇನ್ನೂ ಚೆನ್ನಾಗಿಯೇ ಇದ್ದವು. ಸೊಪ್ಪು ಸರಿಸಿ, ಹುಳುಗಳನ್ನು ಪಕ್ಕಕ್ಕೆ ಮಾಡಿ, ಮೊದಲ ಸಲ ನಿನ್ನನ್ನು ಓದಿದೆ. ಲೋಕವೆಲ್ಲ ಬೆಂದುಹೋದ ಮೇಲೆ ರಾಮದೇವರ ಬೆಟ್ಟದ ಗವಿಗಳಲ್ಲಿ ಉಳಿದುಕೊಂಡ ಒಂದಷ್ಟು ಜನ. ಕೆಂಗಲ್ಲಿನ ತನಕ ರಸ್ತೆಯೆಲ್ಲ ಬೂದಿ. ಹಕ್ಕಿಯೇ ಇಲ್ಲದ ಆ ಕಾಲದಲ್ಲಿ ಒಂದು ದಿನ ಬಂಡೆಯ ಬಿರುಕಿನಿಂದ ಮುದಿ ಜಟಾಯು ತೆವಳಿಕೊಂಡು ಬರುತ್ತಾನೆ, ಒಂದೇ ರೆಕ್ಕೆ. ಲೋಕಕ್ಕೆ ಬೆಂಕಿ ಹಚ್ಚಿದವರು ಯಾರು, ಕಂಡವರು ಹೇಳಿ ಎನ್ನುತ್ತಾನೆ. ಕಂಡವರೆಲ್ಲ ತಲೆ ತಗ್ಗಿಸುತ್ತಾರೆ. "ರೆಕ್ಕೆ ಕಡಿದರೂ, ಕಂಡದ್ದನ್ನು ಹೇಳುವ ತನಕ ನಾನು ಪ್ರಾಣ ಬಿಡಲಿಲ್ಲ" ಎನ್ನುತ್ತಾನೆ. ಆ ಸಾಲಿನ ಮೇಲೆ ಒಂದು ಹುಳು ಹರಿಯುತ್ತಿತ್ತು.

ಎಂಥ ಬರವಣಿಗೆ, ಸುಮಿತ್ರಾ. ನನ್ನ ಬಿ.ಎ. ಎಲ್ಲ ಸೇರಿದರೂ ಅಂಥ ಒಂದು ಸಾಲು ನನ್ನಿಂದ ಹುಟ್ಟುತ್ತಿರಲಿಲ್ಲ. ಅದು ಗೊತ್ತಾದ ಗಳಿಗೆಯಲ್ಲೇ — ಗೊತ್ತಾದದ್ದರಿಂದಲೇ — ಆ ಹಾಳೆಗಳ ಮೇಲೆ ಒದ್ದೆ ಸೊಪ್ಪು ಹರಡಿದೆ. ಹೊರಗೆ ಬಂದು "ಏನೂ ಉಳ್ದಿಲ್ಲ ಕಣೆ" ಎಂದೆ. ನೀನು ನನ್ನ ಹೆಗಲ ಮೇಲೆ ತಲೆಯಿಟ್ಟು ಅಳತೊಡಗಿದೆ. ನಾನು ನಿನ್ನ ಬೆನ್ನು ಸವರಿದೆ.

ಮೊದಲು ಮಾಡಿದ್ದನ್ನು ಕೆಟ್ಟ ಬುದ್ಧಿ ಎನ್ನಬಹುದೇನೋ. ಓದಿದ ಮೇಲೆ ಮಾಡಿದ್ದನ್ನು ಏನೆನ್ನಲಿ —

ನೀನು ಮತ್ತೆ ಪೆನ್ನು ಹಿಡಿಯಲಿಲ್ಲ. ಅತ್ತೆಯ ಜೊತೆ ಮಾತು ಬಿಟ್ಟೆ. ವರ್ಷದೊಳಗೆ ನೀವು ಬೇರೆಯಾಗಿ ರಾಮನಗರಕ್ಕೆ ಹೋದಿರಿ. ಮನೆ ಎರಡಾಗಿಯೇ ಆಯಿತು. ಅತ್ತೆ ಹಾಸಿಗೆ ಹಿಡಿದಾಗ ನೀನು ಬಂದು ಬಾಗಿಲಲ್ಲೇ ನಿಂತು ಹೋದೆ. ಆ ಸಂಜೆ ಅವರು ನನಗೆ ಹೇಳಿದ್ದು ಇಷ್ಟೇ: "ನೀನೇ ಒಂದಿನ ಹೇಳ್ತೀಯ ಅಂತಿದ್ದೆ ಕಣವ್ವ. ಹೋಗ್ಲಿ ಬುಡು." ಆಗಲೂ ಹೇಳಲಿಲ್ಲ. ಅವರು ಹೋಗಿ ಆರು ವರ್ಷವಾಯಿತು.

ಹೋದ ತಿಂಗಳು ಚನ್ನಪಟ್ಟಣದ ಮದುವೆ ಊಟದಲ್ಲಿ ನಿನ್ನ ಮಗಳು ನನ್ನನ್ನು ಕೇಳಿದಳು: "ದೊಡ್ಡಮ್ಮ, ಅಮ್ಮ ಬರ್ದಿದ್ದ ಬುಕ್ಕನ್ನ ಅಜ್ಜಿ ಹುಳಕ್ಕೆ ಹಾಸ್ಬುಟ್ಟಿದ್ರಂತೆ, ನಿಜವಾ?" ಪಂಕ್ತಿಯಲ್ಲಿ ಕೂತವರು ನಕ್ಕರು. ನೀನು ನಗಲಿಲ್ಲ. ನಾನು ನಕ್ಕೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನಿಗಾದರೂ ಒಂದಿಷ್ಟು ಭಯವಿತ್ತು. ನಾನು ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.

ಓದಿದಷ್ಟು ನನಗೆ ಇನ್ನೂ ನೆನಪಿದೆ. ಬರೆದುಕೊಡಬಹುದು, ಆದರೆ ಅದು ನನ್ನ ಬರವಣಿಗೆಯಾಗುತ್ತದೆ — ಆ ಕಳ್ಳತನವನ್ನೂ ಮಾಡಲಾರೆ. ಕ್ಷಮಿಸು ಎಂದು ಕೇಳುವುದಿಲ್ಲ. ಪಿತೃಪಕ್ಷಕ್ಕೆ ಮುಂಚೆ ಈ ಕಾಗದ ನಿನ್ನ ಕೈ ಸೇರುತ್ತದೆ. ನೀನು ಬಂದರೂ ಬಾರದಿದ್ದರೂ, ಅತ್ತೆಗೆ ಎಡೆ ಇಟ್ಟು, ಧೂಪ ಹಾಕಿ, ನೆಂಟರೆಲ್ಲ ಊಟಕ್ಕೆ ಕೂರುವ ಮುಂಚೆ, ಇದನ್ನು ಮೊದಲಿನಿಂದ ಕೊನೆಯ ತನಕ ಗಟ್ಟಿಯಾಗಿ ಓದುತ್ತೇನೆ. ಅತ್ತೆಗೆ ಓದಲು ಬರುತ್ತಿರಲಿಲ್ಲ.